ರಕ್ತದೊತ್ತಡದ ಹಠಾತ್ ಏರಿಕೆ ಮತ್ತು ಅಡ್ರಿನಲಿನ್ ಉಬ್ಬರ: ಪುಣೆ ಸೀಮೆಯ ಅನುಭವದ ಬೆಳಕಿನಲ್ಲಿ

ರಕ್ತದೊತ್ತಡ ಎಲ್ಲರಲ್ಲೂ ದಿನವಿಡೀ ಏರಿಳಿಯುತ್ತಲೇ ಇರುತ್ತದೆ. ಮೆಟ್ಟಿಲು ಹತ್ತಿದರೆ, ಸಿಟ್ಟು ಬಂದರೆ ಏರುತ್ತದೆ; ಗಾಢ ನಿದ್ದೆಯಲ್ಲಿ ಇಳಿಯುತ್ತದೆ. ಅದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಕೆಲವರಲ್ಲಿ ಎದ್ದುಕಾಣುವ ಕಾರಣವೇ ಇಲ್ಲದೆ ಮೇಲಿನ ಒತ್ತಡ ನಿಮಿಷಗಳೊಳಗೆ 180, 200 ದಾಟುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಮೈ ಬೆವರುತ್ತದೆ, ಕೈ ನಡುಗುತ್ತದೆ, ಪ್ರಾಣವೇ ಹೋಗುತ್ತದೆಂಬ ಭಯ ಕವಿಯುತ್ತದೆ. ಅರ್ಧ ತಾಸಿಗೋ ಎರಡು ತಾಸಿಗೋ ಎಲ್ಲವೂ ತಾನಾಗಿ ಇಳಿದು, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಇಸಿಜಿಯೂ ರಕ್ತಪರೀಕ್ಷೆಯೂ ಸರಿಯಾಗಿಯೇ ಬರುತ್ತವೆ. "ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ" ಎಂಬ ಮಾತು ಕೇಳಿ ಮನೆಗೆ ಬಂದವರಿಗೆ ಕೆಲವು ದಿನಗಳಲ್ಲಿ ಮತ್ತೆ ಅದೇ ಅನುಭವ. ಇಂಥ ಉಬ್ಬರವನ್ನು ನಿಭಾಯಿಸುವ ದಾರಿ ಯಂತ್ರದ ಅಂಕಿಯನ್ನು ಕೂಡಲೇ ಇಳಿಸುವುದರಲ್ಲಿದೆ ಎಂದು ರೋಗಿಗಳೂ ಬಹಳಷ್ಟು ವೈದ್ಯರೂ ನಂಬಿದ್ದಾರೆ. ಆ ನಂಬಿಕೆ ಸರಿಯಲ್ಲ ಎಂಬುದು ಇಲ್ಲಿನ ವಾದ. ಉಬ್ಬರವನ್ನು ಕಾಲದಲ್ಲಿ ನಡೆಯುವ ಒಂದು ಘಟನೆಯಾಗಿ ಓದಬೇಕು: ಯಾವುದರ ಬೆನ್ನಿಗೆ ಬಂತು, ಎಷ್ಟು ಹೊತ್ತು ನಿಂತಿತು, ಜೊತೆಗೆ ಏನೇನು ಕಾಣಿಸಿತು, ಹೇಗೆ ಇಳಿಯಿತು. ಹಾಗೆ ಓದಿದರೆ ಏನು ಸಾಧ್ಯವಾಗುತ್ತದೆ ಎಂಬುದಕ್ಕೆ ಪುಣೆಯೂ ಅದರ ಪಡುವಣ ಘಟ್ಟದಾಚೆಯ ಕೊಂಕಣವೂ ವೈದ್ಯಕೀಯ ಇತಿಹಾಸಕ್ಕೆ ಒಂದು ಗಟ್ಟಿ ಉದಾಹರಣೆ ಕೊಟ್ಟಿವೆ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಪುಟ್ಟ ಅಡ್ರಿನಲ್ ಗ್ರಂಥಿಗಳ ಒಳತಿರುಳಿನಲ್ಲಿ ಅಡ್ರಿನಲಿನ್ ತಯಾರಾಗುತ್ತದೆ. ಅದರ ಒಡಹುಟ್ಟಾದ ನಾರ್‌ಅಡ್ರಿನಲಿನ್ ಹೆಚ್ಚಾಗಿ ನರಗಳ ತುದಿಯಲ್ಲಿ ಬಿಡುಗಡೆಯಾಗುತ್ತದೆ. 1890ರ ದಶಕದ ನಡುವಿನಲ್ಲಿ ಇಂಗ್ಲೆಂಡಿನ ಆಲಿವರ್ ಮತ್ತು ಶೇಫರ್ ಈ ಗ್ರಂಥಿಯ ಸಾರವನ್ನು ಪ್ರಾಣಿಗಳಿಗೆ ಚುಚ್ಚಿ, ರಕ್ತದೊತ್ತಡ ಥಟ್ಟನೆ ಮೇಲೇರುವುದನ್ನು ತೋರಿಸಿದರು. 1901ರ ಹೊತ್ತಿಗೆ ಜಪಾನಿನ ಜೋಕಿಚಿ ಟಕಮಿನೆ ಅದನ್ನು ಶುದ್ಧ ಹರಳಾಗಿ ಬೇರ್ಪಡಿಸಿದ್ದ. ಅಪಾಯ ಎದುರಾದಾಗ ದೇಹ ಹೋರಾಟಕ್ಕೋ ಓಟಕ್ಕೋ ಅಣಿಯಾಗುವುದು ಇದರಿಂದಲೇ ಎಂದು 1915ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ವಿವರಿಸಿದ. ರಕ್ತದಲ್ಲಿ ಅಡ್ರಿನಲಿನ್‌ನ ಆಯುಸ್ಸು ಬಹಳ ಕಡಿಮೆ. ಎರಡು ಮೂರು ನಿಮಿಷಗಳಲ್ಲಿ ಅರ್ಧದಷ್ಟು ಕರಗುತ್ತದೆ. ಈ ಒಂದು ಸಂಗತಿಯಿಂದ ಮುಂದಿನದು ಬಹಳಷ್ಟು ತಿಳಿಯುತ್ತದೆ. ಉಬ್ಬರ ತಾಸುಗಟ್ಟಲೆ ನಿಂತಿದ್ದರೆ ಅಡ್ರಿನಲಿನ್ ಎಲ್ಲಿಂದಲೋ ಸುರಿಯುತ್ತಲೇ ಇದೆ ಎಂದರ್ಥ, ಮತ್ತು ಚಿಕಿತ್ಸೆ ಹುಡುಕಬೇಕಾದದ್ದು ಆ ಮೂಲವನ್ನು.

ಪಶ್ಚಿಮ ಮಹಾರಾಷ್ಟ್ರ, ಕೊಂಕಣ, ಉತ್ತರ ಕರ್ನಾಟಕದ ಬಯಲುಗಳಲ್ಲಿ ಬದುಕುವ ಕೆಂಪು ಚೇಳು ಅಂಥ ಮೂಲಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದುದು. ಬೆರಳುದ್ದದ, ಕೆಂಗಂದು ಬಣ್ಣದ ಈ ಜೀವಿ ಕಲ್ಲಿನ ಸಂದಿಯಲ್ಲಿ, ಸೌದೆಯ ರಾಶಿಯಲ್ಲಿ, ಬೆರಣಿ ಅಡಕಿಟ್ಟ ಮೂಲೆಯಲ್ಲಿ, ಹುಲ್ಲಿನ ಬಣವೆಯಲ್ಲಿ ಅಡಗಿರುತ್ತದೆ. ಅದರ ವಿಷ ನರಗಳ ಸೋಡಿಯಂ ದ್ವಾರಗಳು ಮುಚ್ಚದಂತೆ ತಡೆಯುತ್ತದೆ. ಆಗ ನರತುದಿಗಳೂ ಅಡ್ರಿನಲ್ ಗ್ರಂಥಿಯೂ ತಮ್ಮಲ್ಲಿದ್ದುದನ್ನೆಲ್ಲ ಒಮ್ಮೆಲೇ ಹೊರಚೆಲ್ಲುತ್ತವೆ. ಚೇಳು ಕಡಿದ ಮಗು ವಾಂತಿ ಮಾಡಿಕೊಳ್ಳುತ್ತದೆ, ಮೈಯ ಬಟ್ಟೆ ತೊಯ್ಯುವಂತೆ ಬೆವರುತ್ತದೆ, ಕೈಕಾಲು ಮಂಜಿನಂತೆ ತಣ್ಣಗಾಗುತ್ತವೆ, ಒತ್ತಡ ಏರುತ್ತದೆ. ರಕ್ತನಾಳಗಳೆಲ್ಲ ಬಿಗಿದುಕೊಂಡಿರುವಾಗ ಅದರ ಎದುರು ದುಡಿದು ದಣಿದ ಹೃದಯ ಸೋಲುತ್ತದೆ, ಪುಪ್ಪುಸದಲ್ಲಿ ನೀರು ತುಂಬುತ್ತದೆ, ಗುಲಾಬಿ ನೊರೆ ಬಾಯಿಗೆ ಬರುತ್ತದೆ. 1970ರ ದಶಕದಲ್ಲಿ ರಾಯಗಡ ಜಿಲ್ಲೆಯ ಮಹಾಡ್ ಸಮೀಪದ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಡಾ. ಹಿಮ್ಮತರಾವ್ ಬಾವಸ್ಕರ್ ಇಂಥ ಸಾವುಗಳನ್ನು ಮತ್ತೆ ಮತ್ತೆ ಕಂಡರು. ಆಗ ರೂಢಿಯಲ್ಲಿದ್ದ ಸ್ಟೀರಾಯ್ಡ್, ಅಟ್ರೋಪಿನ್, ಅಲರ್ಜಿ ಚುಚ್ಚುಮದ್ದುಗಳಾವುವೂ ನಾಟುತ್ತಿರಲಿಲ್ಲ. ಪುಣೆಯ ಬಿ.ಜೆ. ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಮುಗಿಸಿ ಅವರು ಅದೇ ಸೀಮೆಗೆ ಮರಳಿದರು. ರೋಗಿಯ ಹಾಸಿಗೆಯ ಬದಿಯಲ್ಲೇ ಕೂತು, ಕಡಿತದಿಂದ ಎಷ್ಟು ಹೊತ್ತಿಗೆ ಏನು ಕಾಣುತ್ತದೆ ಎಂಬುದನ್ನು ಬರೆದಿಟ್ಟರು. ಹೃದಯ ಕೆಡುವ ಮುನ್ಸೂಚನೆಗಳನ್ನು ಗುರುತಿಸಿದ ಅವರ ಬರಹ 1982ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಆ ಟಿಪ್ಪಣಿಗಳಿಂದ ಹೊರಟ ತೀರ್ಮಾನ ಸರಳವಾಗಿತ್ತು: ಕೊಲ್ಲುತ್ತಿರುವುದು ಅಡ್ರಿನಲಿನ್ ವರ್ಗದ ರಸಗಳ ಪ್ರವಾಹವಾದರೆ, ಅವು ರಕ್ತನಾಳಗಳನ್ನು ಹಿಡಿಯುವ ಆಲ್ಫಾ ಗ್ರಾಹಕಗಳಿಗೆ ಅಡ್ಡ ನಿಲ್ಲುವ ಔಷಧ ಬೇಕು. ಮೊದಲು ಸೋಡಿಯಂ ನೈಟ್ರೊಪ್ರುಸೈಡ್ ಬಳಸಿ ನೋಡಿದ್ದಾಯಿತು. ಅದು ರಕ್ತನಾಳಕ್ಕೆ ಹನಿಹನಿಯಾಗಿ ಹೋಗಬೇಕು, ಪಕ್ಕದಲ್ಲಿ ಸದಾ ಒಬ್ಬರು ಕಾವಲಿರಬೇಕು. ಹಳ್ಳಿಯ ಆಸ್ಪತ್ರೆಗೆ ಅದು ಒಗ್ಗುವಂಥದ್ದಲ್ಲ. ಆಗಲೇ ಬಿಪಿಗೆ ಮಾತ್ರೆಯಾಗಿ ಸಿಗುತ್ತಿದ್ದ ಅಗ್ಗದ ಪ್ರಾಜೋಸಿನ್ ಆ ಜಾಗಕ್ಕೆ ಬಂತು. ಅದಕ್ಕೂ ಮೊದಲು, 1961ರಿಂದ 1983ರವರೆಗೆ, ಪಶ್ಚಿಮ ಭಾರತದಲ್ಲಿ ತೀವ್ರ ಕಡಿತಕ್ಕೊಳಗಾದವರಲ್ಲಿ ನೂರಕ್ಕೆ 25–30 ಮಂದಿ ಸಾಯುತ್ತಿದ್ದರೆಂದೂ, ಪ್ರಾಜೋಸಿನ್ ಬಂದ ಮೇಲೆ ಅದು ಸುಮಾರು ಒಂದಕ್ಕಿಳಿಯಿತೆಂದೂ ಬಾವಸ್ಕರ್ ವರದಿ ಮಾಡಿದ್ದಾರೆ. ಹಾಫ್‌ಕಿನ್ ಸಂಸ್ಥೆ ತಯಾರಿಸಿದ ಪ್ರತಿವಿಷವನ್ನು ಪ್ರಾಜೋಸಿನ್ ಜೊತೆ ಕೊಟ್ಟರೆ ಇನ್ನೂ ಬೇಗ ಗುಣವಾಗುತ್ತದೆ ಎಂಬುದನ್ನು 70 ರೋಗಿಗಳ ಮೇಲೆ ನಡೆಸಿದ ಅವರ ಪ್ರಯೋಗ 2011ರಲ್ಲಿ ತೋರಿಸಿತು. ಎರಡನ್ನೂ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ತಾಸಿನೊಳಗೆ ಪೂರ್ತಿ ಚೇತರಿಸಿಕೊಂಡರು. ಪ್ರಾಜೋಸಿನ್ ಒಂದನ್ನೇ ಪಡೆದ 35ರಲ್ಲಿ 8 ಮಂದಿ. ಮೂಲವನ್ನೇ ಅಳಿಸುವ ಮದ್ದು ಮತ್ತು ಅದರ ಪರಿಣಾಮವನ್ನು ತಡೆಯುವ ಮದ್ದು, ಎರಡರ ಕೆಲಸವೂ ಬೇರೆ, ಎರಡೂ ಬೇಕು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಸಿಗಲಾರದು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಚೇಳು ಕಡಿಯದವರಿಗೆ, ಪುಣೆಯ ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ, ಇದೆಲ್ಲ ಯಾಕೆ ಎಂದು ಕೇಳಬಹುದು. ವಿಷ ಹೊರಗಿನಿಂದ ಬಂದಾಗ ನಡೆಯುವುದೇ ಒಳಗಿನ ಗಡ್ಡೆಯೊಂದರಿಂದಲೂ ನಡೆಯುತ್ತದೆ, ಅದಕ್ಕಾಗಿ. ಅಡ್ರಿನಲ್ ಗ್ರಂಥಿಯ ಒಳತಿರುಳಿನಲ್ಲಿ ಬೆಳೆಯುವ ಫಿಯೋಕ್ರೊಮೊಸೈಟೋಮವನ್ನೂ ಗ್ರಂಥಿಯ ಹೊರಗೆ ನರಗಂಟುಗಳಲ್ಲಿ ಬೆಳೆಯುವ ಪ್ಯಾರಾಗ್ಯಾಂಗ್ಲಿಯೋಮವನ್ನೂ ನೆನಪಿನಲ್ಲಿಡಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಇಂಥ ಗಡ್ಡೆಯನ್ನು 1886ರಲ್ಲಿ ಜರ್ಮನಿಯ ಫ್ರೆಂಕೆಲ್ ಮೊದಲು ವರ್ಣಿಸಿದ. 1926ರಲ್ಲಿ ಸ್ವಿಟ್ಜರ್ಲೆಂಡಿನ ರೂ, 1927ರಲ್ಲಿ ಅಮೆರಿಕದ ಚಾರ್ಲ್ಸ್ ಮೇಯೊ ಅದನ್ನು ಕತ್ತರಿಸಿ ತೆಗೆದರು. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಬಂದು, ಮುಖ ಕೆಂಪೇರುವ ಬದಲು ಬಿಳಿಚಿಕೊಳ್ಳುವುದು ಇದರ ಹಳೆಯ ಗುರುತು. ಬಗ್ಗಿದಾಗ, ಹೊಟ್ಟೆ ಒತ್ತಿದಾಗ, ವಾಂತಿಗೆಂದು ಮೆಟೊಕ್ಲೊಪ್ರಮೈಡ್ ಕೊಟ್ಟಾಗ, ಸ್ಟೀರಾಯ್ಡ್ ಚುಚ್ಚಿದಾಗ ಉಬ್ಬರ ಏಳಬಹುದು. ಗಡ್ಡೆ ಮೂತ್ರಕೋಶದ ಗೋಡೆಯಲ್ಲಿದ್ದರಂತೂ ಮೂತ್ರ ವಿಸರ್ಜಿಸಿದೊಡನೆ ಒತ್ತಡ ಜಿಗಿಯುತ್ತದೆ. ರೋಗಿಯನ್ನು ಆ ಪ್ರಶ್ನೆ ಕೇಳದಿದ್ದರೆ ಅವನಾಗಿ ಹೇಳುವುದು ಅಪರೂಪ. ಇಲ್ಲಿಯೂ ಮೊದಲ ಮದ್ದು ಆಲ್ಫಾ ತಡೆಯುವುದೇ. ಎದೆಬಡಿತ ಕಂಡು ಬೀಟಾ ತಡೆಯುವ ಪ್ರೊಪ್ರಾನೊಲಾಲ್‌ನಂಥ ಮಾತ್ರೆಯನ್ನು ಮೊದಲು ಕೊಟ್ಟರೆ, ರಕ್ತನಾಳಗಳನ್ನು ಹಿಗ್ಗಿಸುತ್ತಿದ್ದ ಬೀಟಾ ಗ್ರಾಹಕಗಳೂ ಮುಚ್ಚಿಹೋಗಿ ಒತ್ತಡ ಇನ್ನಷ್ಟು ಏರುತ್ತದೆ. ಆಲ್ಫಾ ತಡೆದು ಸಿದ್ಧಪಡಿಸಿದ ಮೇಲೆ ಶಸ್ತ್ರಚಿಕಿತ್ಸೆ ಇಂದು ಬಹಳಮಟ್ಟಿಗೆ ಸುರಕ್ಷಿತ.

ಈ ಗಡ್ಡೆ ಬಿಪಿ ಇರುವ ಸಾವಿರ ಮಂದಿಯಲ್ಲಿ ಒಬ್ಬರಿಂದ ಆರು ಮಂದಿಯಲ್ಲಿ ಮಾತ್ರ ಕಾಣುತ್ತದೆ. ಹಾಗಿದ್ದರೆ ಅದಕ್ಕಾಗಿ ಎಲ್ಲರಿಗೂ ದುಬಾರಿ ಪರೀಕ್ಷೆ ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಎಲ್ಲರಿಗೂ ಬೇಡ ಎಂಬುದೇ ಉತ್ತರ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ರಾಷ್ಟ್ರೀಯ ಅಧ್ಯಯನ ಭಾರತದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ಅಧಿಕ ರಕ್ತದೊತ್ತಡವಿದೆ ಎಂದು ಅಂದಾಜಿಸಿತು. ಅಷ್ಟೂ ಮಂದಿಯನ್ನು ಪರೀಕ್ಷಿಸಹೊರಟರೆ ಸುಳ್ಳು ಎಚ್ಚರಿಕೆಗಳೇ ಹೆಚ್ಚಾಗುತ್ತವೆ. ಆದರೆ ಅಲೆಅಲೆಯಾಗಿ ಬಂದು ಹೋಗುವ ಉಬ್ಬರ ಇರುವವರಿಗೆ, ಮನೆತನದಲ್ಲಿ ಇಂಥ ಗಡ್ಡೆ ಇದ್ದವರಿಗೆ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಅಕಸ್ಮಾತ್ ಅಡ್ರಿನಲ್ ಗಂಟು ಕಂಡವರಿಗೆ ಒಮ್ಮೆಯಾದರೂ ಪರೀಕ್ಷೆ ಆಗಲೇಬೇಕು. ಪರೀಕ್ಷಿಸಬೇಕಾದದ್ದು ಮೆಟಾನೆಫ್ರಿನ್‌ಗಳನ್ನು. ಗಡ್ಡೆಯಿಂದ ಅಡ್ರಿನಲಿನ್ ಹೆಚ್ಚಾಗಿ ಉಬ್ಬರದ ಹೊತ್ತಿನಲ್ಲಿ ಹೊರಬೀಳುತ್ತದೆ. ಅದು ಒಡೆದು ಆಗುವ ಮೆಟಾನೆಫ್ರಿನ್ ಗಡ್ಡೆಯೊಳಗೆ ಸದಾ ತಯಾರಾಗಿ ಸೋರುತ್ತಿರುತ್ತದೆ. ಹಾಗಾಗಿ ಉಬ್ಬರ ಇಲ್ಲದ ದಿನ ರಕ್ತ ಕೊಟ್ಟರೂ ಗಡ್ಡೆ ಸಿಕ್ಕಿಬೀಳುತ್ತದೆ. ರಕ್ತ ತೆಗೆಯುವ ಮೊದಲು ಅರ್ಧ ತಾಸು ಅಂಗಾತ ಮಲಗಿರಬೇಕು. ಕುರ್ಚಿಯಲ್ಲಿ ಕೂತು ಕೊಟ್ಟ ರಕ್ತದಲ್ಲಿ ಅಂಕಿ ಸುಮ್ಮನೆ ಹೆಚ್ಚು ಬರುತ್ತದೆ. ಅದು ಆಗದಿದ್ದರೆ 24 ತಾಸಿನ ಮೂತ್ರ ಸಂಗ್ರಹಿಸಿ ಕೊಡಬಹುದು.

ಗಡ್ಡೆಗಿಂತ ಹೆಚ್ಚಾಗಿ ಸಿಗುವ ಕಾರಣಗಳು ಬೇರೆ ಇವೆ. ಹಲವು ಮನೆಯ ಕಪಾಟಿನಲ್ಲೇ ಕೂತಿರುತ್ತವೆ. ಚೀಟಿ ಇಲ್ಲದೆ ಕೊಂಡ ಡೈಕ್ಲೊಫಿನಾಕ್, ನೆಗಡಿ ಮಾತ್ರೆಯೊಳಗಿನ ಫಿನೈಲ್‌ಎಫ್ರಿನ್, ದಿನಾ ಕಷಾಯಕ್ಕೆ ಹಾಕುವ ಜ್ಯೇಷ್ಠಮಧು, ಥಟ್ಟನೆ ನಿಲ್ಲಿಸಿದ ಕ್ಲೊನಿಡಿನ್ ಅಥವಾ ಮದ್ಯ. ಗೊರಕೆ ಹೊಡೆಯುತ್ತ ಉಸಿರು ಕಟ್ಟಿ ಏಳುವವರಲ್ಲಿ ರಾತ್ರಿ ಹಲವು ಸಲ ಅಡ್ರಿನಲಿನ್ ಏರಿ ಬೆಳಗಿನ ಒತ್ತಡ ಕೆಡುತ್ತದೆ. ಹರೆಯದ ಹೆಣ್ಣುಮಕ್ಕಳಲ್ಲಿ ಎರಡು ಕೈಗಳ ನಾಡಿಯಲ್ಲಿ ವ್ಯತ್ಯಾಸವಿದ್ದರೆ, ದೊಡ್ಡ ರಕ್ತನಾಳಗಳು ಉರಿಯೂತದಿಂದ ಕಿರಿದಾಗುವ, ಭಾರತದಲ್ಲಿ ಅಷ್ಟೇನೂ ಅಪರೂಪವಲ್ಲದ ಟಕಯಾಸು ರೋಗವನ್ನು ನೆನೆಯಬೇಕು. ಕುತ್ತಿಗೆಯ ಶಸ್ತ್ರಚಿಕಿತ್ಸೆಯೋ ಕ್ಯಾನ್ಸರಿಗೆ ವಿಕಿರಣವೋ ಆದವರಲ್ಲಿ ಒತ್ತಡವನ್ನು ಅಂಕೆಯಲ್ಲಿಡುವ ನರಜಾಲವೇ ಕೆಟ್ಟು ಉಬ್ಬರವೂ ಕುಸಿತವೂ ಬರುತ್ತವೆ ಎಂಬುದನ್ನು 1993ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ವಿವರಿಸಿತು.

ಇಷ್ಟೆಲ್ಲ ಹುಡುಕುತ್ತ ಕೂರುವ ಬದಲು 200ಕ್ಕೇರಿದ ಒತ್ತಡವನ್ನು ಮೊದಲು ಇಳಿಸಬಾರದೇ, ಮೆದುಳಿನ ನಾಳ ಒಡೆದರೆ ಯಾರು ಹೊಣೆ? ಇದು ಅತ್ಯಂತ ಬಲವಾದ ಆಕ್ಷೇಪ, ಇದಕ್ಕೆ ನಿಧಾನವಾಗಿ ಉತ್ತರಿಸಬೇಕು. 1985ರಲ್ಲಿ ಕೆನಡಾದಲ್ಲಿ ಭಾರ ಎತ್ತುವ ಯುವಕರ ರಕ್ತನಾಳದೊಳಗೇ ಅಳತೆಯ ನಳಿಕೆ ಇಟ್ಟು ನೋಡಿದಾಗ, ಎರಡೂ ಕಾಲಿನಿಂದ ಭಾರ ಒತ್ತುವಾಗ ಸರಾಸರಿ ಒತ್ತಡ 320/250 ಇತ್ತು; ಒಬ್ಬನದು 480/350 ದಾಟಿತ್ತು. ಅವರಲ್ಲಿ ಯಾರ ನಾಳವೂ ಒಡೆಯಲಿಲ್ಲ. ಇದನ್ನು ಕಂಡು ದೊಡ್ಡ ಅಂಕಿ ನಿರಪಾಯಕಾರಿ ಎನ್ನುವಂತಿಲ್ಲ, ವರ್ಷಾನುಗಟ್ಟಲೆ ಏರಿದ ಒತ್ತಡ ಕೊಲ್ಲುತ್ತದೆ ಎಂಬುದು ನಿಶ್ಚಿತ. ಆದರೆ ಆರೋಗ್ಯವಂತ ನಾಳಗಳು ಕ್ಷಣಿಕ ಏರಿಕೆಯನ್ನು ತಡೆದುಕೊಳ್ಳುತ್ತವೆ ಎಂಬುದೂ ಅಷ್ಟೇ ನಿಶ್ಚಿತ. ವೈದ್ಯರು ಅಳೆಯಲು ಬಂದುದೇ ಒತ್ತಡ ಏರಲು ಸಾಕು ಎಂದು 1983ರಲ್ಲಿ ಇಟಲಿಯ ಮಾಂಚಿಯಾ ತೋರಿಸಿದ: ಮೊದಲ ನಾಲ್ಕು ನಿಮಿಷಗಳಲ್ಲಿ ಮೇಲಿನದು ಸರಾಸರಿ 27, ಕೆಳಗಿನದು 15ರಷ್ಟು ಏರಿ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಬಹುಪಾಲು ಇಳಿದಿತ್ತು. ಥಟ್ಟನೆ ಇಳಿಸುವುದರ ಹಾನಿಯೂ ಚೆನ್ನಾಗಿ ಗೊತ್ತಿದೆ. ನಿಫೆಡಿಪಿನ್ ಕ್ಯಾಪ್ಸೂಲನ್ನು ಕಚ್ಚಿ ನಾಲಿಗೆಯ ಕೆಳಗಿಡುವುದು ನಮ್ಮ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ದಶಕಗಳ ಕಾಲ ನಡೆಯಿತು. ಒತ್ತಡ ಕುಸಿದು ಪಾರ್ಶ್ವವಾಯು, ಹೃದಯಾಘಾತ, ಸಾವು ಸಂಭವಿಸಿದ ವರದಿಗಳನ್ನು ಒಟ್ಟುಗೂಡಿಸಿ 1996ರಲ್ಲಿ ಗ್ರಾಸ್‌ಮನ್ ಮತ್ತು ಮೆಸ್ಸರ್ಲಿ ಅದನ್ನು ನಿಲ್ಲಿಸಬೇಕೆಂದು ಬರೆದರು. 2016ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 180/110 ಮುಟ್ಟಿಯೂ ಬೇರೆ ತೊಂದರೆ ಇಲ್ಲದಿದ್ದ ಸುಮಾರು 58 ಸಾವಿರ ರೋಗಿಗಳ ದಾಖಲೆ ನೋಡಿತು. ಕೂಡಲೇ ಆಸ್ಪತ್ರೆಗೆ ಕಳುಹಿಸಿದವರಿಗೂ ಮನೆಗೆ ಕಳುಹಿಸಿದವರಿಗೂ ಮುಂದಿನ ಆರು ತಿಂಗಳ ಹೃದಯದ ಅನಾಹುತಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತುರ್ತು ಎನ್ನುವುದನ್ನು ಅಂಗಾಂಗಕ್ಕೆ ತಗುಲಿದ ಪೆಟ್ಟು ನಿರ್ಧರಿಸುತ್ತದೆ. ಎದೆನೋವು, ಏದುಸಿರು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಮಂಕು ಕವಿಯುವುದು, ಬಸುರಿಯಲ್ಲಿ ತಲೆನೋವಿನ ಜೊತೆ ಏರಿದ ಒತ್ತಡ: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ ಹೊರಡಬೇಕು, ಯಂತ್ರದ ಅಂಕಿ ಎಷ್ಟೇ ಇರಲಿ.

ಎಲ್ಲ ಪರೀಕ್ಷೆ ಮುಗಿದ ಮೇಲೂ ಬಹುಮಂದಿಯಲ್ಲಿ ಕಾರಣ ಸಿಗುವುದಿಲ್ಲ. ಗಡ್ಡೆಯಂತೆಯೇ ಕಾಣುವ, ಗಡ್ಡೆಯಿಲ್ಲದ ಈ ಸ್ಥಿತಿಯನ್ನು ಹುಸಿ ಫಿಯೋಕ್ರೊಮೊಸೈಟೋಮ ಎನ್ನುತ್ತಾರೆ. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕೇಂದ್ರದ ಸ್ಯಾಮ್ಯುಯೆಲ್ ಮಾನ್ 1999ರಲ್ಲಿ ಇಂಥ 21 ರೋಗಿಗಳನ್ನು ವಿವರಿಸಿದ. ಅವರಲ್ಲಿ ಹೆಚ್ಚಿನವರು ತಮಗೆ ಯಾವ ಚಿಂತೆಯೂ ಇಲ್ಲ ಎಂದೇ ಹೇಳುತ್ತಿದ್ದರು. ಕೆದಕಿ ಕೇಳಿದರೆ ಹಿಂದೆಂದೋ ಆದ ದೊಡ್ಡ ಆಘಾತವನ್ನು ಅನುಭವಿಸದೆಯೇ ಒಳಗೆ ಹೂತಿಟ್ಟವರು. ಆತಂಕದ ಕಾಯಿಲೆಯಲ್ಲಿ ಮೊದಲು ಭಯ ಬರುತ್ತದೆ, ಒತ್ತಡ ಅದರ ಹಿಂದೆ. ಇವರಲ್ಲಿ ದೇಹದ ಲಕ್ಷಣ ಮೊದಲು, ಭಯ ಆಮೇಲೆ. ಈ ಅವಲೋಕನ ಬೆಲೆಯುಳ್ಳದ್ದು, ಆದರೆ ರೋಗಿಗಳ ಸಂಖ್ಯೆ ಚಿಕ್ಕದು, ಹೋಲಿಕೆಯ ಗುಂಪಿಲ್ಲ. ಅದನ್ನು ಸಿದ್ಧಾಂತವೆನ್ನುವಷ್ಟು ಆಧಾರ ಇನ್ನೂ ಇಲ್ಲ. ಮನಸ್ಸಿನದು ಎಂದರೆ ಸುಳ್ಳು ಕಾಯಿಲೆ ಎಂದಂತಾಯಿತಲ್ಲ ಎಂದು ನೊಂದುಕೊಳ್ಳುವ ರೋಗಿಗಳ ಅಳಲು ನ್ಯಾಯವಾದದ್ದು. ಅದಕ್ಕೆ ಉತ್ತರ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಗೋಲ್ಡ್‌ಸ್ಟೀನ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿದೆ: ಇಂಥವರಲ್ಲಿ ಅಡ್ರಿನಲ್ ಗ್ರಂಥಿಯ ಸ್ರಾವ ತುಸು ಹೆಚ್ಚು, ಬಿಡುಗಡೆಯಾದ ರಸಕ್ಕೆ ಹೃದಯ ಮತ್ತು ನಾಳಗಳ ಸ್ಪಂದನವೂ ಹೆಚ್ಚು. ಕಿಡಿ ಮನಸ್ಸಿನಲ್ಲಿ ಹೊತ್ತಿದ್ದರೂ ಉರಿಯುವುದು ರಕ್ತನಾಳದಲ್ಲೇ. ಆದ್ದರಿಂದ ಚಿಕಿತ್ಸೆಯೂ ಎರಡೂ ಕಡೆ ನಡೆಯಬೇಕು. ಉಬ್ಬರ ಪದೇ ಪದೇ ಬರುತ್ತಿದ್ದರೆ ಆಲ್ಫಾ ಮತ್ತು ಬೀಟಾ ಎರಡನ್ನೂ ತಡೆಯುವ ಮದ್ದು, ಉಬ್ಬರದ ಹೊತ್ತಿಗೆಂದು ವೈದ್ಯರು ಮೊದಲೇ ಹೇಳಿಟ್ಟ ಶಾಮಕ, ಮರುಕಳಿಸದಂತೆ ತಡೆಯಲು ಖಿನ್ನತೆಯ ಮಾತ್ರೆಗಳು, ಜೊತೆಗೆ ನುರಿತ ಆಪ್ತಸಮಾಲೋಚನೆ.

ಕಾರಣ ಸಿಗಲಿ ಬಿಡಲಿ, ದಿನನಿತ್ಯ ಅದರೊಡನೆ ಬಾಳುವವರ ಕೈಯಲ್ಲಿರುವ ಮುಖ್ಯ ಸಾಧನ ಒಂದು ನೋಟುಪುಸ್ತಕ. ಉಬ್ಬರ ಬಂದಾಗ ಹೊತ್ತು, ಅದರ ಹಿಂದಿನ ಒಂದು ತಾಸಿನಲ್ಲಿ ತಿಂದದ್ದು, ನುಂಗಿದ ಮಾತ್ರೆ, ಮಾಡಿದ ಕೆಲಸ, ಮುಖದ ಬಣ್ಣ, ನಾಡಿ, ಇಳಿದ ಹೊತ್ತು ಇವನ್ನು ಬರೆದಿಟ್ಟರೆ ವೈದ್ಯರಿಗೆ ಯಾವ ಸ್ಕ್ಯಾನೂ ಕೊಡದ ಮಾಹಿತಿ ಸಿಗುತ್ತದೆ. ಅಳತೆಯೂ ಸರಿಯಾಗಿರಬೇಕು: ಚಹಾ ಕುಡಿದು ಅರ್ಧ ತಾಸಾಗಿರಬೇಕು, ಮೂತ್ರ ಹಿಡಿದಿಟ್ಟುಕೊಂಡಿರಬಾರದು, ಬೆನ್ನಿಗೆ ಆನಿಕೆ ಕೊಟ್ಟು ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಪಟ್ಟಿ ತೋಳಿನ ಗಾತ್ರಕ್ಕೆ ಒಪ್ಪುವಂತಿದ್ದು ಎದೆಯ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಹುಟ್ಟುತ್ತದೆ. ಒಂದು ವಾರ ಬೆಳಗ್ಗೆ ಎರಡು, ಸಂಜೆ ಎರಡು ಸಲ ಅಳೆದು ಸರಾಸರಿ 135/85ಕ್ಕಿಂತ ಕೆಳಗಿದ್ದರೆ ನಿರಂತರ ಬಿಪಿ ಇಲ್ಲವೆನ್ನಬಹುದು. ಆದರೆ ಉಬ್ಬರದ ನಡುವೆ ಎರಡು ನಿಮಿಷಕ್ಕೊಮ್ಮೆ ಪಟ್ಟಿ ಕಟ್ಟಿಕೊಳ್ಳುವುದು ಉರಿಯುವ ಬೆಂಕಿಗೆ ತುಪ್ಪ. ಒಮ್ಮೆ ಅಳೆದು, ಮೇಲೆ ಹೇಳಿದ ಅಪಾಯದ ಗುರುತುಗಳಿಲ್ಲ ಎಂದು ಖಚಿತವಾದರೆ, ಯಂತ್ರವನ್ನು ಅರ್ಧ ತಾಸು ಮುಟ್ಟದಿರುವುದು ಒಳ್ಳೆಯದು. ಅಳೆಯದಿದ್ದರೆ ಏನೋ ತಪ್ಪಿಹೋದೀತೆಂಬ ಅಂಜಿಕೆ ಸಹಜ. ಆದರೆ ಆ ಅರ್ಧ ತಾಸಿನಲ್ಲಿ ತಿಳಿಯಬೇಕಾದದ್ದನ್ನು ದೇಹದ ಲಕ್ಷಣಗಳೇ ತಿಳಿಸುತ್ತವೆ.

ಉಸಿರು ಮತ್ತು ಯೋಗದ ವಿಷಯದಲ್ಲೂ ಪುಣೆ ಜಿಲ್ಲೆಗೆ ತನ್ನದೇ ಪರಂಪರೆಯಿದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಆಸನಗಳ ವೇಳೆ ರಕ್ತದೊತ್ತಡ ಅಳೆದು 'ಯೋಗ ಮೀಮಾಂಸಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಯೋಗವನ್ನು ಅಳತೆಗೋಲಿಗೆ ಒಡ್ಡಿದ ಮೊದಲಿಗರಲ್ಲಿ ಅವರೊಬ್ಬರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ದಿಂಬು, ಹಗ್ಗ, ಮರದ ಇಟ್ಟಿಗೆಗಳ ಆಸರೆಯಲ್ಲಿ ನಿತ್ರಾಣರೂ ಮಾಡಬಲ್ಲ ವಿಶ್ರಾಂತಿಯ ಆಸನಗಳನ್ನು ರೂಪಿಸಿದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಕೆ.ಕೆ. ದಾತೆ 1969ರಲ್ಲಿ 47 ರೋಗಿಗಳಲ್ಲಿ ಶವಾಸನದಿಂದ ಒತ್ತಡ ಇಳಿದುದನ್ನು ವರದಿ ಮಾಡಿದರು. ಇಂದಿನ ಅಳತೆಗೆ ಅದು ಚಿಕ್ಕ ಅಧ್ಯಯನ ಎಂಬ ಟೀಕೆ ಸರಿ. 1975ರಲ್ಲಿ ಇಂಗ್ಲೆಂಡಿನಲ್ಲಿ ಚಂದ್ರಾ ಪಟೇಲ್ 34 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿಸಿ ನೋಡಿದಾಗ, ಯೋಗವಿಶ್ರಾಂತಿ ಕಲಿತವರಲ್ಲಿ ಮೇಲಿನದು 26, ಕೆಳಗಿನದು 15ರಷ್ಟು ಇಳಿಯಿತು. ಉಳಿದವರಲ್ಲಿ 9 ಮತ್ತು 4. 2001ರಲ್ಲಿ ಇಟಲಿಯ ಬೆರ್ನಾರ್ಡಿ ಜಪಮಾಲೆಯ ಪ್ರಾರ್ಥನೆಯನ್ನೂ ಮಂತ್ರಜಪವನ್ನೂ 23 ಮಂದಿಯಲ್ಲಿ ಪರೀಕ್ಷಿಸಿದ. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕಿಳಿದು, ಒತ್ತಡವನ್ನು ಹಿಡಿತದಲ್ಲಿಡುವ ನರಗಳ ಸೂಕ್ಷ್ಮತೆ ಹೆಚ್ಚಿತು. ಉಬ್ಬರದ ಹೊತ್ತಿನಲ್ಲಿ ಐದು ಎಣಿಸುತ್ತ ಒಳಗೆಳೆದು ಐದು ಎಣಿಸುತ್ತ ಬಿಡುವ ಉಸಿರು ಈ ಪುರಾವೆಯ ಮೇಲೆ ನಿಂತಿದೆ. ಉಸಿರು ಬಿಗಿಹಿಡಿಯುವ ಕುಂಭಕ, ರಭಸದ ಭಸ್ತ್ರಿಕೆ, ತಲೆಕೆಳಗಾದ ಶೀರ್ಷಾಸನ ಉಬ್ಬರ ಬರುವವರಿಗೆ ಸಲ್ಲವು. ಗಡ್ಡೆಯಿರುವವರಿಗೆ ಯಾವ ಪ್ರಾಣಾಯಾಮವೂ ಮದ್ದಲ್ಲ. ಮೆಟಾನೆಫ್ರಿನ್ ಪರೀಕ್ಷೆಗೆ ಮೊದಲೇ ಯೋಗ ಶಿಬಿರಕ್ಕೆ ಸೇರಿ ತಿಂಗಳು ಕಳೆಯುವುದು ಅಪಾಯದ ದಾರಿ. ಒಮ್ಮೆ ಪರೀಕ್ಷೆ ಸರಿ ಬಂದವರು ವರ್ಷವರ್ಷವೂ ಅದನ್ನೇ ಮಾಡಿಸುತ್ತಿರಬೇಕಿಲ್ಲ. ಆದರೆ ಉಬ್ಬರ ಪದೇ ಪದೇ ಬರತೊಡಗಿದರೆ, ತೂಕ ಇಳಿದರೆ, ಮುಖ ಬಿಳಿಚುವ ಲಕ್ಷಣ ಹೊಸದಾಗಿ ಕಂಡರೆ, ನೋಟುಪುಸ್ತಕದೊಡನೆ ಮತ್ತೆ ವೈದ್ಯರ ಬಳಿ ಹೋಗಿ ಎರಡನೆಯ ಸಲ ರಕ್ತ ಕೊಡಬೇಕು.